ಇಳಿಸಿದ ಕಾರಿಗೆ ಅಡ್ಜಸ್ಟಬಲ್ ಸಸ್ಪೆನ್ಷನ್: ಯಾವ ಪಾರ್ಟ್ ಬೇಕು, ಯಾವುದು ಬೇಡ

ಕಾರು ಇಳಿಸಬೇಕು, ಅಂದರೆ ಸಸ್ಪೆನ್ಷನ್ ಬದಲಿಸಿ ಬಾಡಿಯನ್ನು ನೆಲಕ್ಕೆ ಹತ್ತಿರ ತರಬೇಕು ಅಂತ ಹೊರಟವರ ಕಣ್ಣು ಮೊದಲು ಬೀಳೋದು ಟೈರಿಗೂ ಅದರ ಮೇಲಿನ ಫೆಂಡರಿಗೂ ನಡುವೆ ಇರುವ ಗ್ಯಾಪ್ ಮೇಲೆ. ಎರಡು ಬೆರಳು ಇರಲಿ, ಇಲ್ಲ ಒಂದೇ ಸಾಕು ಅಂತ ಚರ್ಚೆ ನಡೆಯುತ್ತದೆ. ಆಮೇಲೆ ಯಾವ ಕಂಪನಿ ಕಾಯ್ಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ), ಶಾಕ್ ನಾಬಿನಲ್ಲಿ ಎಷ್ಟು ಕ್ಲಿಕ್, ಎಷ್ಟು ಬೆಲೆ. ಈ ಕ್ರಮವೇ ತಲೆಕೆಳಗು. ಮೊದಲು ನೋಡಬೇಕಾದ್ದು ನೀವು ದಿನಾ ಓಡಾಡುವ ರಸ್ತೆ. ಎರಡನೆಯದು ಟ್ರಾವೆಲ್, ಅಂದರೆ ಇಳಿಸಿದ ಮೇಲೆ ಚಕ್ರ ಮೇಲೆ ಕೆಳಗೆ ಓಡಾಡಲು ಉಳಿಯುವ ಜಾಗ. ಗ್ಯಾಪ್ ಇವೆರಡರ ಲೆಕ್ಕ ಮುಗಿದ ಮೇಲೆ ತಾನಾಗಿ ಸಿಗುತ್ತದೆ, ಸಿಕ್ಕಷ್ಟು.

ಹಂಪ್ ಅಳೆಯಿರಿ

ಟೇಪ್ ಮತ್ತು ಒಂದು ನೇರವಾದ ಮರದ ಪಟ್ಟಿ ತಗೊಳ್ಳಿ. ನಿಮ್ಮ ದಾರಿಯಲ್ಲಿ ತಪ್ಪಿಸಲಾಗದ ಹಂಪ್‌ಗಳಲ್ಲಿ ಅತಿ ಕೆಟ್ಟದ್ದು ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ಗಾಡಿ ಬರದ ಹೊತ್ತು ನೋಡಿ ಅದರ ಎತ್ತರ, ಅಗಲ ಎರಡನ್ನೂ ಅಳೆದು ಬರೆದುಕೊಳ್ಳಿ.

ಅಗಲ ಯಾಕೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಪ್ರಕಾರ ಸಾಮಾನ್ಯ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಫೋಕ್ಸ್‌ವ್ಯಾಗನ್ ಪೋಲೊದಂಥ ಹ್ಯಾಚ್‌ಬ್ಯಾಕಿನ ವ್ಹೀಲ್‌ಬೇಸ್, ಅಂದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರ, ಸುಮಾರು 2.47 ಮೀಟರ್. ಇಂಥ ಹಂಪ್ ಮೇಲೆ ಮುಂದಿನ ಚಕ್ರ, ಹಿಂದಿನ ಚಕ್ರ ಎರಡೂ ಒಟ್ಟಿಗೆ ಹತ್ತಿ ನಿಲ್ಲುತ್ತವೆ. ಲೆಕ್ಕ ಹಾಕಿದರೆ ಕಾರಿನ ಹೊಟ್ಟೆಯ ಕೆಳಗೆ ಹಂಪ್ ಉಬ್ಬೋದು ಬರೀ 4.5 ಸೆಂ.ಮೀ. ಸಾಕಷ್ಟು ಇಳಿಸಿದ ಕಾರೂ ಆರಾಮಾಗಿ ದಾಟುತ್ತದೆ.

ನಮ್ಮ ಬಡಾವಣೆಗಳ ಹಂಪ್ ಹಾಗಿರೋದಿಲ್ಲ, ಅಲ್ವಾ? ರಾತ್ರೋರಾತ್ರಿ ಡಾಂಬರು ಸುರಿದು ಎಬ್ಬಿಸಿದ್ದು. ಒಂದು ಮೀಟರ್ ಅಗಲ, 12 ಸೆಂ.ಮೀ. ಎತ್ತರ ಅಂತಿಟ್ಟುಕೊಳ್ಳಿ. ಮುಂದಿನ ಚಕ್ರ ದಾಟಿ ಸಮತಟ್ಟಿಗೆ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರೋದಿಲ್ಲ. ಪೂರ್ತಿ 12 ಸೆಂ.ಮೀ. ಹೊಟ್ಟೆಯ ಕೆಳಗೇ ಇರುತ್ತದೆ. ಮುಂದಿನ ಚಕ್ರ ಇಳಿದ ರಭಸಕ್ಕೆ ಮೂತಿ ತಗ್ಗುತ್ತದಲ್ಲ, ಅದಕ್ಕೆ ಇನ್ನೆರಡು ಮೂರು ಸೆಂ.ಮೀ. ಸೇರಿಸಿ. ಈ ಒಟ್ಟು ಲೆಕ್ಕಕ್ಕಿಂತ ಕೆಳಗೆ ನಿಮ್ಮ ಕಾರು ಇಳಿಯಬಾರದು.

ಕ್ಲಿಯರೆನ್ಸ್ ಅಳೆಯುವಾಗ ಖಾಲಿ ಗಾಡಿ ಅಳೆಯಬೇಡಿ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ಇಟ್ಟು, ಇಂಜಿನ್ ಗಾರ್ಡ್ ಮತ್ತು ಸೈಲೆನ್ಸರ್ ಪೈಪ್ ಎರಡರಲ್ಲಿ ಯಾವುದು ಕೆಳಗಿದೆಯೋ ಅಲ್ಲಿಂದ ನೆಲಕ್ಕೆ ಅಳೆಯಿರಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಬೇಸ್‌ಮೆಂಟ್ ರ‍್ಯಾಂಪಿನ ಮೇಲ್ತುದಿಯನ್ನೂ ಮರೆಯಬೇಡಿ. ಎಷ್ಟೋ ಕಾರುಗಳು ರಸ್ತೆಯ ಹಂಪ್ ಎಲ್ಲ ದಾಟಿ ಬಂದು ಸ್ವಂತ ಮನೆಯ ರ‍್ಯಾಂಪಿನಲ್ಲಿ ಉಜ್ಜುತ್ತವೆ.

ಇಷ್ಟು ಮಾಡಿದರೆ ಬೆಂಗಳೂರಿನಂಥ ಊರಿನಲ್ಲಿ ದಿನಬಳಕೆಯ ಕಾರಿಗೆ 25ರಿಂದ 35 ಮಿ.ಮೀ. ಇಳಿಕೆಯ ಆಸುಪಾಸಿಗೆ ಬಂದು ನಿಲ್ಲುತ್ತೀರಿ. ಅದಕ್ಕಿಂತ ಜಾಸ್ತಿ ಇಳಿಸಿ ನೆಮ್ಮದಿಯಾಗಿ ಓಡಿಸುವವರು ಇದ್ದಾರೆ. ಅವರು ದಾರಿ ಆರಿಸಿಕೊಂಡೇ ಹೊರಡುತ್ತಾರೆ.

ಈಗಿನ ಎತ್ತರ ಬರೆದಿಟ್ಟುಕೊಳ್ಳಿ

ನೆಲದಿಂದ ಫೆಂಡರಿಗೆ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಚಕ್ರದ ನಟ್ಟನಡುವಿನಿಂದ, ಅಂದರೆ ಹಬ್ ಕ್ಯಾಪಿನ ಮಧ್ಯದಿಂದ, ನೇರ ಮೇಲಿನ ಫೆಂಡರ್ ಅಂಚಿಗೆ ಅಳೆಯಿರಿ. ನಾಲ್ಕೂ ಮೂಲೆ. ಎಡ ಬಲಕ್ಕೆ ಕೆಲವು ಮಿ.ಮೀ. ವ್ಯತ್ಯಾಸ ಹೊಸ ಕಾರಿನಲ್ಲೂ ಇರುತ್ತದೆ, ಗಾಬರಿ ಬೇಡ. ಆಮೇಲೆ "ಎಷ್ಟು ಇಳಿದಿದೆ" ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ಈ ನಾಲ್ಕು ಅಂಕಿಗಳೇ.

ಇದರ ಜೊತೆಗೆ ಹಳೇ ಬುಶ್ (ಕೀಲುಗಳಲ್ಲಿರುವ ರಬ್ಬರ್ ತುಂಡು), ಲೋವರ್ ಆರ್ಮ್ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸ್ಟ್ರಟ್ ಮೌಂಟ್ ಎಲ್ಲ ನೋಡಿಸಿ. ಬುಶ್ ಹೋದ ಕಾರಿಗೆ ಲಕ್ಷ ರೂಪಾಯಿಯ ಕಾಯ್ಲೋವರ್ ಹಾಕಿದರೂ ಕಟಕಟ ಶಬ್ದ ನಿಲ್ಲೋದಿಲ್ಲ.

ಕಾರಿನ ಕೆಳಗೆ ಏನಿದೆ ಅಂತ ತಿಳಿದುಕೊಳ್ಳಿ

ಸುಮ್ನೆ ದುಡ್ಡು ಹಾಳಾಗೋದು ಹೆಚ್ಚಾಗಿ ಇಲ್ಲೇ. ಅಡ್ಜಸ್ಟಬಲ್ ಅಂತ ಹೆಸರಿರುವ ಎಲ್ಲ ಪಾರ್ಟೂ ಎಲ್ಲ ಕಾರಿಗೆ ಬೇಕಾಗೋದಿಲ್ಲ.

ನಮ್ಮಲ್ಲಿ 2010ರಿಂದ 2022ರವರೆಗೆ ಮಾರಾಟವಾದ ಪೋಲೊ ತಗೊಳ್ಳಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್. ಹಿಂದಿನ ಎರಡು ಚಕ್ರವೂ ಒಂದೇ ಉಕ್ಕಿನ ತೊಲೆಗೆ ಕಟ್ಟಿಕೊಂಡಿವೆ. ಕಾರು ಇಳಿಸಿದರೂ ಹಿಂದಿನ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ), ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತವೆ. ಇದಕ್ಕೆ "ರಿಯರ್ ಕ್ಯಾಂಬರ್ ಆರ್ಮ್" ಅಂತ ಒಂದು ಪಾರ್ಟೇ ಇಲ್ಲ. ಯಾರಾದರೂ ಮಾರಲು ಬಂದರೆ ಅಂಗಡಿ ಬದಲಾಯಿಸಿ. ಆ ಕೋನ ಬದಲಾಯಿಸಲೇಬೇಕಾದರೆ ಬೀಮ್‌ಗೂ ಹಬ್‌ಗೂ ನಡುವೆ ತೆಳು ಶಿಮ್ (ಲೋಹದ ಬಿಲ್ಲೆ) ಹಾಕುತ್ತಾರೆ, ಅಷ್ಟೇ.

2006ರಲ್ಲಿ ನಮ್ಮಲ್ಲಿಗೆ ಬಂದ ಎಂಟನೇ ತಲೆಮಾರಿನ ಹೋಂಡಾ ಸಿವಿಕ್ ಕಥೆಯೇ ಬೇರೆ. ಅದರ ಹಿಂಭಾಗ ಇಂಡಿಪೆಂಡೆಂಟ್, ಎಡ ಬಲ ಚಕ್ರ ಬೇರೆ ಬೇರೆಯಾಗಿ ಓಡಾಡುತ್ತವೆ. ಇಳಿಸಿದಷ್ಟೂ ಹಿಂದಿನ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ಹೊರಗಿನಿಂದ ನೋಡಿದರೆ ಟೈರ್ ಹೊಸದರ ಹಾಗೆ ಕಾಣುತ್ತದೆ, ಒಳಗಡೆ ಕೈಯಾಡಿಸಿದರೆ ತಂತಿ ಚುಚ್ಚುತ್ತದೆ. ಇಂಥ ಕಾರಿಗೆ ಹಿಂದಿನ ಅಡ್ಜಸ್ಟಬಲ್ ಕ್ಯಾಂಬರ್ ಆರ್ಮ್ ಶೋಕಿ ಅಲ್ಲ, ಕಾಯ್ಲೋವರ್ ಜೊತೆಗೇ ಬಜೆಟ್ ಇಡಬೇಕಾದ ವಸ್ತು. ಹಳೇ ಜೆಟ್ಟಾದಂಥ ಮಲ್ಟಿಲಿಂಕ್ (ಹಿಂದಿನ ಪ್ರತಿ ಚಕ್ರಕ್ಕೂ ಹಲವು ಆರ್ಮ್ ಇರುವ) ಕಾರುಗಳಲ್ಲಿ ಕಂಪನಿಯೇ ಎಕ್ಸೆಂಟ್ರಿಕ್ ಬೋಲ್ಟ್, ಅಂದರೆ ತಿರುಗಿಸಿದರೆ ಚಕ್ರದ ಕೋನ ಬದಲಾಗುವ ಬೋಲ್ಟ್, ಕೊಟ್ಟಿರುತ್ತದೆ. 25–30 ಮಿ.ಮೀ. ಇಳಿಸಿದ್ದಾದರೆ ಮೊದಲು ಅದರಲ್ಲೇ ಅಲೈನ್‌ಮೆಂಟ್ ಸರಿಹೋಗುತ್ತದಾ ನೋಡಿ. ಹೋಗದಿದ್ದರೆ ಮಾತ್ರ ಆರ್ಮ್ ತಗೊಳ್ಳಿ.

ಹಿಂದೆ ಗಟ್ಟಿ ಆಕ್ಸಲ್, ಅದನ್ನು ಬಾಡಿಗೆ ಅಡ್ಡಲಾಗಿ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಇರುವ ಹಳೇ ಗಾಡಿಗಳಲ್ಲಿ ಇಳಿಸಿದಾಗ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಒಂದು ಕಡೆ ಟೈರ್ ಹೊರಗೆ, ಇನ್ನೊಂದು ಕಡೆ ಒಳಗೆ. ಅದಕ್ಕೆ ಉದ್ದ ಬದಲಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಒಂದೇ ಸಾಕು.

ಬರೀ ಸ್ಪ್ರಿಂಗ್ ಸಾಕಾ, ಕಾಯ್ಲೋವರ್ ಬೇಕಾ?

25–30 ಮಿ.ಮೀ. ಸಾಕು, ಒಮ್ಮೆ ಹಾಕಿದ ಮೇಲೆ ಮುಟ್ಟೋದಿಲ್ಲ ಅನ್ನುವವರಿಗೆ ಒಳ್ಳೇ ಕಂಪನಿಯ ಲೋವರಿಂಗ್ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಗಿಡ್ಡ ಶಾಕ್ ಸಾಕು. ಇದ್ದ ಸ್ಪ್ರಿಂಗ್ ಕತ್ತರಿಸೋದು ಮಾತ್ರ ಬೇಡ. ಚಕ್ರ ಗುಂಡಿಗೆ ಇಳಿದಾಗ ಕತ್ತರಿಸಿದ ಸ್ಪ್ರಿಂಗ್ ಸೀಟಿನಿಂದ ಸಡಿಲವಾಗಿ ಜಾಗ ತಪ್ಪುತ್ತದೆ.

ಎತ್ತರ ಬದಲಿಸುತ್ತಿರಬೇಕು, ಕೊಯಮತ್ತೂರಿನ ಕಾರಿ ಸ್ಪೀಡ್‌ವೇಯಲ್ಲೋ ಚೆನ್ನೈ ಟ್ರ್ಯಾಕಿನಲ್ಲೋ ವರ್ಷಕ್ಕೆ ಒಂದೆರಡು ಸಲ ಓಡಿಸಬೇಕು ಅಂದರೆ ಕಾಯ್ಲೋವರ್ ನೋಡಿ. ಆಗ ಮೊದಲು ಕೇಳಬೇಕಾದ್ದು ಸ್ಪ್ರಿಂಗ್ ರೇಟ್. ಒಂದು ಮಿ.ಮೀ. ಕುಗ್ಗಲು ಎಷ್ಟು ಕೆ.ಜಿ. ಭಾರ ಬೇಕು ಅನ್ನೋದೇ ರೇಟ್.

ಒಂದು ಲೆಕ್ಕ ನೋಡೋಣ. ಮುಂದಿನ ಒಂದು ಮೂಲೆಯ ಮೇಲೆ ಸುಮಾರು 300 ಕೆ.ಜಿ. ಕೂತಿದೆ ಅಂತಿಟ್ಟುಕೊಳ್ಳಿ. ಕಂಪನಿ ಸ್ಪ್ರಿಂಗ್ 2.5 ಕೆ.ಜಿ. ರೇಟಿನದಾದರೆ ನಿಂತಲ್ಲೇ 120 ಮಿ.ಮೀ. ಕುಗ್ಗಿರುತ್ತದೆ. 5 ಕೆ.ಜಿ.ಯದಾದರೆ 60 ಮಿ.ಮೀ. ಮಾತ್ರ. ಈ ಒಂದು ಅಂಕಿಯಲ್ಲಿ ಎರಡು ವಿಷಯ ಇದೆ. ಇಳಿಸಿದ ಕಾರಿಗೆ ಮೇಲ್ಮುಖ ಟ್ರಾವೆಲ್ ಕಡಿಮೆ. ಗುಂಡಿಯ ಪೆಟ್ಟಿಗೆ ಸ್ಪ್ರಿಂಗ್ ಬೇಗ ಎದುರು ನಿಲ್ಲಬೇಕು, ಅದಕ್ಕೆ ಗಟ್ಟಿ ಸ್ಪ್ರಿಂಗ್ ಬೇಕೇ ಬೇಕು. ಆದರೆ ಗಟ್ಟಿಯಾದಷ್ಟೂ ಕೆಳಮುಖ ಟ್ರಾವೆಲ್ ಕೂಡ ಹೋಗುತ್ತದೆ. ಚಕ್ರ 60 ಮಿ.ಮೀ. ಕೆಳಗಿಳಿದ ಕೂಡಲೇ ಸ್ಪ್ರಿಂಗಿನಲ್ಲಿ ಒತ್ತಡವೇ ಇಲ್ಲ. ಗುಂಡಿಗಳ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಕುಣಿಯೋದು ಇದಕ್ಕೇ. ಮುಖ್ಯ ಸ್ಪ್ರಿಂಗ್ ಮೇಲೆ ಚಪ್ಪಟೆ ತಂತಿಯ ಸಣ್ಣ ಹೆಲ್ಪರ್ ಸ್ಪ್ರಿಂಗ್ ಕೊಟ್ಟಿದ್ದಾರಾ ನೋಡಿ. ಅದು ಭಾರ ಹೊರೋದಿಲ್ಲ, ಮುಖ್ಯ ಸ್ಪ್ರಿಂಗ್ ಸಡಿಲವಾಗದ ಹಾಗೆ ಹಿಡಿದಿಡುತ್ತದೆ.

ಸಾಧಾರಣ ಹ್ಯಾಚ್‌ಬ್ಯಾಕಿಗೆ, ನಮ್ಮ ರಸ್ತೆಗೆ, ಮುಂದೆ 4–5 ಕೆ.ಜಿ. ದಾಟಬೇಡಿ ಅನ್ನೋದು ನನ್ನ ಸಲಹೆ. 7, 8 ಕೆ.ಜಿ. ಕಿಟ್ ಟ್ರ್ಯಾಕಿನಲ್ಲಿ ಚಂದ. ಬಿ.ಸಿ. ರೋಡ್ ಕಡೆಯಿಂದ ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವಾಗ ಅಲ್ಲ.

ಸೆಕೆಂಡ್ ಹ್ಯಾಂಡ್ ಕಿಟ್ ನೋಡುತ್ತಿದ್ದರೆ ಸ್ಪ್ರಿಂಗ್ ಮೇಲಿನ ಅಂಕಿ ಓದಿ. ಜಪಾನ್, ತೈವಾನ್ ಕಡೆಯ ಹಲವು ಸ್ಪ್ರಿಂಗ್‌ಗಳ ಮೇಲೆ 62-180-005 ಅನ್ನೋ ಥರ ಬರೆದಿರುತ್ತದೆ. ಒಳವ್ಯಾಸ 62 ಮಿ.ಮೀ., ಉದ್ದ 180 ಮಿ.ಮೀ., ರೇಟ್ 5 ಕೆ.ಜಿ. ಮಾರುವವರು "ಸಾಫ್ಟ್ ಇದೆ ಸಾರ್" ಅಂದರೂ ಸ್ಪ್ರಿಂಗ್ ನಿಜ ಹೇಳುತ್ತದೆ. ಶಾಫ್ಟ್ ಮೇಲೆ ಬೆರಳಾಡಿಸಿ. ತುಕ್ಕಿನ ಚುಕ್ಕೆ ಉಗುರಿಗೆ ಸಿಕ್ಕಿದರೆ ಸೀಲ್ ಬೇಗ ಹೋಗುತ್ತದೆ, ಬಿಟ್ಟುಬಿಡಿ.

ಎತ್ತರ ಎಲ್ಲಿಂದ ಬದಲಾಗುತ್ತದೆ?

ಕಾಯ್ಲೋವರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಸ್ಪ್ರಿಂಗ್ ಕೂರುವ ರಿಂಗ್ ತಿರುಗಿಸಿ ಎತ್ತರ ಬದಲಿಸುತ್ತೀರಿ. ರಿಂಗ್ ಕೆಳಗೆ ಹೋದಷ್ಟೂ ಶಾಕ್‌ನ ಶಾಫ್ಟ್ ಒಳಗೆ ಹೋಗಿರುತ್ತದೆ, ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಬಂಪ್ ಸ್ಟಾಪರ್‌ಗೆ ಇರುವ ದೂರ ಅಷ್ಟು ಕಡಿಮೆಯಾಗುತ್ತದೆ. ಇನ್ನೊಂದರಲ್ಲಿ ಶಾಕ್‌ನ ಕೆಳಗಿನ ಬ್ರಾಕೆಟ್ಟೇ ಥ್ರೆಡ್ ಮೇಲೆ ಮೇಲೆ ಕೆಳಗೆ ಸರಿಯುತ್ತದೆ. ಎತ್ತರ ಇಳಿಸಿದರೂ ಶಾಕ್‌ನೊಳಗಿನ ಟ್ರಾವೆಲ್ ಹಾಗೇ ಉಳಿಯುತ್ತದೆ. ಟೀನ್ ಫ್ಲೆಕ್ಸ್ ಝಡ್, ಬಿಸಿ ರೇಸಿಂಗ್‌ನ ಬಿಆರ್ ಈ ಎರಡನೇ ಜಾತಿಯವು.

ಎರಡನೆಯದೇ ಒಳ್ಳೆಯದು ಅಂತ ಕಣ್ಣುಮುಚ್ಚಿ ಹೇಳಲಾರೆ. ಶಾಕ್‌ನಲ್ಲಿ ಟ್ರಾವೆಲ್ ಉಳಿದರೂ ಟೈರ್ ಹೋಗಿ ಫೆಂಡರ್ ಲೈನರ್ ಮುಟ್ಟಬಹುದು. ಬ್ರಾಕೆಟ್ಟಿನ ಥ್ರೆಡ್ಡಿಗೆ ಕೆಸರು ಹೊಕ್ಕರೆ ಹಿಡಿದುಬಿಡುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಇದು ಇನ್ನೂ ಬೇಗ. ಕರಾವಳಿಯಲ್ಲಿದ್ದರೆ ಕೆಡಬ್ಲ್ಯೂ ಕಂಪನಿಯ ಸ್ಟೇನ್‌ಲೆಸ್ ಬಾಡಿಯಂಥದ್ದಕ್ಕೆ ಜಾಸ್ತಿ ದುಡ್ಡು ಕೊಡೋದರಲ್ಲಿ ಅರ್ಥ ಇದೆ. ಇಲ್ಲದಿದ್ದರೆ ಹಾಕುವಾಗಲೇ ಥ್ರೆಡ್ಡಿಗೆ ಹಿಡಿದುಕೊಳ್ಳದಂತೆ ಆಂಟಿ-ಸೀಜ್ ಪೇಸ್ಟ್ ಹಚ್ಚಿಸಿ, ಮಳೆಗಾಲ ಮುಗಿದ ಮೇಲೆ ಬ್ರಷ್ ಹಾಕಿ ತೊಳೆಸಿ.

ಬ್ರಾಕೆಟ್ ಮಾದರಿಯಲ್ಲಿ ಸ್ಪ್ರಿಂಗ್ ರಿಂಗ್ ಇರೋದು ಪ್ರೀಲೋಡ್‌ಗೆ, ಅಂದರೆ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡೋದಕ್ಕೆ. ಅದನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅನ್ನೋ ಮಾತು ತುಂಬಾ ಕೇಳುತ್ತೇವೆ. ಎಷ್ಟು ಕುಗ್ಗಿದರೂ ಒಂದೇ ರೇಟ್ ಇರುವ ಲೀನಿಯರ್ ಸ್ಪ್ರಿಂಗ್ ಇದರಿಂದ ಗಟ್ಟಿಯಾಗೋದಿಲ್ಲ. ಟ್ರಾವೆಲ್ ಮೇಲೆಷ್ಟು, ಕೆಳಗೆಷ್ಟು ಅನ್ನೋ ಹಂಚಿಕೆ ಮಾತ್ರ ಬದಲಾಗುತ್ತದೆ. ಕಂಪನಿ ಹೇಳಿದ ಪ್ರೀಲೋಡ್ ಇಟ್ಟು ಎತ್ತರವನ್ನು ಬ್ರಾಕೆಟ್ಟಿನಲ್ಲೇ ಮಾಡಿ.

ಪೋಲೊದಂಥ ಕಾರಿನ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಎತ್ತರದ ರಿಂಗ್ ಸ್ಪ್ರಿಂಗಿನ ಜೊತೆಗಿರುತ್ತದೆ. ಸ್ಪ್ರಿಂಗ್ ಕೂತಿರೋದು ಚಕ್ರಕ್ಕಿಂತ ಮುಂದೆ, ಆದ್ದರಿಂದ ರಿಂಗ್ 10 ಮಿ.ಮೀ. ಇಳಿಸಿದರೆ ಫೆಂಡರ್ 10ಕ್ಕಿಂತ ಜಾಸ್ತಿಯೇ ಇಳಿಯುತ್ತದೆ. ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ.

ಕ್ಲಿಕ್ ಎಷ್ಟಿದೆ ಅನ್ನೋದು ದೊಡ್ಡ ವಿಷಯ ಅಲ್ಲ

ಶಾಕ್ ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಅಂತ ಹೊಂದಿಸುವ ಡ್ಯಾಂಪಿಂಗ್ ಅಡ್ಜಸ್ಟರಿನಲ್ಲಿ ಟೀನ್ ಫ್ಲೆಕ್ಸ್ ಝಡ್ 16 ಹಂತ ಕೊಡುತ್ತದೆ, ಬಿಸಿ ರೇಸಿಂಗ್ ಬಿಆರ್ 30, ಬಿಲ್‌ಸ್ಟೀನ್ ಬಿ16 ಬರೀ 10. ಹಂತ ಜಾಸ್ತಿ ಇದ್ದದ್ದೇ ಒಳ್ಳೆಯ ಶಾಕ್ ಅಂತ ಏನಿಲ್ಲ. ಒಂದೇ ನಾಬ್ ಇರುವ ಕಿಟ್‌ಗಳಲ್ಲಿ ಗುಂಡಿಗೆ ಕುಗ್ಗುವ ವೇಗ (ಕಂಪ್ರೆಷನ್), ಮತ್ತೆ ಹಿಗ್ಗುವ ವೇಗ (ರಿಬೌಂಡ್) ಬೇರೆ ಬೇರೆ ಮಾಡಲಾಗೋದಿಲ್ಲ. ಕೆಡಬ್ಲ್ಯೂನಲ್ಲಿ ಈ ಮೆಟ್ಟಿಲು ಸ್ಪಷ್ಟವಾಗಿದೆ: ವಿ1ರಲ್ಲಿ ಎತ್ತರ ಮಾತ್ರ, ವಿ2ರಲ್ಲಿ ಎತ್ತರದ ಜೊತೆ ರಿಬೌಂಡ್, ವಿ3ರಲ್ಲಿ ರಿಬೌಂಡ್ ಮತ್ತು ಕಂಪ್ರೆಷನ್ ಬೇರೆಬೇರೆ. ಬಿಲ್‌ಸ್ಟೀನ್ ಬಿ14ರಲ್ಲಿ ನಾಬೇ ಇಲ್ಲ. ಅಡ್ಜಸ್ಟ್ ಮಾಡುವ ತಾಳ್ಮೆ ಇಲ್ಲದವರಿಗೆ ಕಂಪನಿಯೇ ಸರಿಯಾಗಿ ಹೊಂದಿಸಿ ಕಳಿಸಿದ ಬಿ14 ಥರದ್ದೇ ವಾಸಿ. ಮೂವತ್ತು ಕ್ಲಿಕ್ ತಗೊಂಡು ಮೂರನ್ನೂ ತಿರುಗಿಸದೆ ಓಡಿಸುವವರೇ ಜಾಸ್ತಿ.

ಕೊಳ್ಳುವ ಮೊದಲು ಇನ್ನೊಂದು ಕೇಳಿ: ಸೀಲ್ ಹೋದರೆ ರಿಪೇರಿ ಆಗುತ್ತದಾ? ಫ್ಲೆಕ್ಸ್ ಝಡ್‌ನಂಥ ಸೀಲ್ಡ್ ಶಾಕ್ ಬಿಚ್ಚಿ ರಿಪೇರಿ ಮಾಡುವಂಥದ್ದಲ್ಲ, ಹೊಸದೇ ಹಾಕಬೇಕು. ಬಿಡಿ ಶಾಕ್ ಎಷ್ಟು ದಿನಕ್ಕೆ ಬರುತ್ತದೆ, ಬೆಲೆ ಎಷ್ಟು ಅಂತ ವಿಚಾರಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಂಪನಿ ಶಾಕ್ ಸಂಜೆಯೊಳಗೆ ಸಿಗುತ್ತದೆ. ಇಂಪೋರ್ಟೆಡ್ ಕಾಯ್ಲೋವರಿನ ಒಂದು ಬಿಡಿ ಶಾಕ್ ಹಾಗಲ್ಲ.

ಮೇಲಿನ ಮೌಂಟ್ ರಬ್ಬರಿನದಾ, ಪಿಲ್ಲೋಬಾಲ್‌ನದಾ (ಲೋಹದ ಗುಂಡಿನ ಕೀಲು) ಅನ್ನೋದೂ ಮುಖ್ಯ. ಪಿಲ್ಲೋಬಾಲ್ ಇರುವ ಕ್ಯಾಂಬರ್ ಪ್ಲೇಟಿನಲ್ಲಿ ಸ್ಟ್ರಟ್ಟಿನ ತಲೆಯನ್ನು ಒಳಕ್ಕೆ ಹೊರಕ್ಕೆ ಸರಿಸಬಹುದು, ಸ್ಟೀರಿಂಗ್ ಚುರುಕಾಗುತ್ತದೆ. ಧೂಳು ಹೊಕ್ಕ ಮೇಲೆ ಕಟಕಟ ಅನ್ನೋದಕ್ಕೆ ಶುರುವಾಗುತ್ತದೆ. ಮನೆಯವರನ್ನೂ ಕೂರಿಸಿಕೊಂಡು ಹೋಗುವ ಕಾರಿಗೆ ರಬ್ಬರ್ ಮೌಂಟ್ ಇರಲಿ. ಮುಂದೆ 1ರಿಂದ 1.5 ಡಿಗ್ರಿ ನೆಗೆಟಿವ್ ಕ್ಯಾಂಬರ್ ರಸ್ತೆಗೆ ಸಾಕು. ಟೈರ್ ಬೇಗ ತಿನ್ನೋದು ಕ್ಯಾಂಬರಿಗಿಂತ ತಪ್ಪಾದ ಟೋ.

ಆರ್ಮ್, ಲಿಂಕ್, ಬಾಲ್ ಜಾಯಿಂಟ್

ಮ್ಯಾಕ್‌ಫರ್ಸನ್ ಕಾರಿನ ಮುಂದಿನ ಲೋವರ್ ಆರ್ಮ್ ಸಾಮಾನ್ಯವಾಗಿ ಹೊರಕ್ಕೆ ಇಳಿಜಾರಾಗಿರುತ್ತದೆ. ಇಳಿಸುತ್ತಾ ಹೋದರೆ ಮಟ್ಟವಾಗುತ್ತದೆ, ಇನ್ನೂ ಇಳಿಸಿದರೆ ಹೊರತುದಿ ಮೇಲಕ್ಕೆ ಎದ್ದಿರುತ್ತದೆ. ಆಗ ರೋಲ್ ಸೆಂಟರ್, ಅಂದರೆ ಬಾಡಿ ವಾಲುವಾಗ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಬಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ತೀರಾ ಇಳಿಸಿದ ಕಾರು ತಿರುವಿನಲ್ಲಿ ಇನ್ನೂ ಜಾಸ್ತಿ ವಾಲಲು ನೋಡೋದು ಇದಕ್ಕೇ. ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಕೋನವೂ ಕೆಟ್ಟು, ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ತಾನೇ ಎಳೆಯುತ್ತದೆ.

ಜ್ಯಾಕ್ ಹಾಕದೆ, ಚಕ್ರ ನೆಲದ ಮೇಲಿರುವಾಗಲೇ ಬಗ್ಗಿ ನೋಡಿ. ಆರ್ಮ್ ಇನ್ನೂ ಹೊರಕ್ಕೆ ಇಳಿದಿದೆಯಾ, ಮಟ್ಟವಾಗಿದೆಯಾ? ಹಾಗಿದ್ದರೆ ಏನೂ ತಗೋಬೇಡಿ. ಮೇಲಕ್ಕೆ ಎದ್ದಿದ್ದರೆ ಉದ್ದ ಪಿನ್ನಿನ ಬಾಲ್ ಜಾಯಿಂಟ್, ಅದರ ಜೊತೆಗೆ ಟೈ ರಾಡ್ ಎಂಡ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದೇ ಹಾಕಿದರೆ ಸ್ಟೀರಿಂಗ್ ಎಳೆತ ಇನ್ನಷ್ಟು ಕೆಡಬಹುದು. ಉದ್ದ ಪಿನ್ ಸಣ್ಣ ರಿಮ್ಮಿನ ಒಳಗೆ ತಾಗುತ್ತದಾ ಅಂತಲೂ ನೋಡಿ. ನನ್ನನ್ನು ಕೇಳಿದರೆ 10 ಮಿ.ಮೀ. ಎತ್ತರಿಸಿಬಿಡೋದೇ ಅಗ್ಗದ ಪರಿಹಾರ.

ತಿರುವಿನಲ್ಲಿ ಬಾಡಿ ವಾಲೋದನ್ನು ಕಡಿಮೆ ಮಾಡುವ ಸ್ಟೆಬಿಲೈಜರ್ ಬಾರಿನ ಲಿಂಕ್ ರಾಡ್ ಅಡ್ಜಸ್ಟಬಲ್ ಇದ್ದರೆ ಒಳ್ಳೆಯದು, ಬೆಲೆಯೂ ಅಂಥಾದ್ದಲ್ಲ. ಉದ್ದ ಬೇಕಾ, ಗಿಡ್ಡ ಬೇಕಾ ಅನ್ನೋದು ಕಾಯ್ಲೋವರ್‌ನಲ್ಲಿ ಲಿಂಕ್ ಹಿಡಿಯುವ ಕಿವಿ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತದೆ. ಬಾರ್ ಡ್ರೈವ್ ಶಾಫ್ಟಿಗೆ ತಾಗಬಾರದು, ಎರಡೂ ಕಡೆ ಎಳೆತ ಇರಬಾರದು. ಕೊನೆಯ ನಟ್ ಬಿಗಿಯೋದು ಚಕ್ರ ನೆಲದ ಮೇಲಿದ್ದಾಗ.

ಅಡ್ಜಸ್ಟಬಲ್ ಆರ್ಮ್ ಯಾವುದೇ ಇರಲಿ, ದಿನಬಳಕೆಗೆ ರಬ್ಬರ್ ಅಥವಾ ಪಾಲಿಯುರೆಥೇನ್ ಬುಶ್ ಇರುವುದನ್ನೇ ತಗೊಳ್ಳಿ. ಉಕ್ಕಿನ ರೋಸ್ ಜಾಯಿಂಟ್ ನಮ್ಮ ಧೂಳಿಗೆ ಬೇಗ ಸಡಿಲವಾಗುತ್ತದೆ. ಥ್ರೆಡ್ ಪೂರ್ತಿ ಹೊರಗೆಳೆದು ಉದ್ದ ಮಾಡಬೇಡಿ. ಬೋಲ್ಟಿನ ದಪ್ಪದ ಒಂದೂವರೆ ಪಟ್ಟಿನಷ್ಟಾದರೂ ಥ್ರೆಡ್ ಒಳಗೆ ಹಿಡಿದಿರಬೇಕು. ಅಷ್ಟರಲ್ಲಿ ಅಳತೆ ಸಿಗದಿದ್ದರೆ ಆ ಪಾರ್ಟ್ ನಿಮ್ಮ ಕಾರಿಗಲ್ಲ.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಾಡು ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್‌ನಲ್ಲಿ ಕಾಯ್ದೆ ಒಪ್ಪದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಕಂಪನಿಯ ಮೂಲ ಶಾಕ್, ಸ್ಪ್ರಿಂಗ್ ಎಸೆಯಬೇಡಿ. ಜರ್ಮನಿಯ ಕಿಟ್‌ಗಳ ಜೊತೆ ಅಲ್ಲಿನ ತಪಾಸಣಾ ಸಂಸ್ಥೆ ಟಿಯುವಿ ಪರೀಕ್ಷೆ ಮಾಡಿದ ಇಳಿಕೆಯ ಮಿತಿ ಬರೆದಿರುತ್ತದೆ. ಅದು ಇಲ್ಲಿ ಪರ್ಮಿಷನ್ ಆಗೋದಿಲ್ಲ, ಆದರೆ ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದಕ್ಕೆ ಒಳ್ಳೇ ಅಳತೆ.

ಹಾಕಿಸುವ ದಿನ

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಒಂದು ವಿಷಯ ಖಂಡಿತ ನೋಡಿ. ಕಾರು ಲಿಫ್ಟ್ ಮೇಲೆ ಚಕ್ರ ಜೋತಾಡುತ್ತಿರುವಾಗ ಲೋವರ್ ಆರ್ಮ್ ಬುಶ್ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಮೇಲೆ ಬುಶ್ ಸದಾ ತಿರುಚಿಕೊಂಡೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರ, ಹೊಸ ಎತ್ತರದಲ್ಲಿ ಬಿಗಿಯಬೇಕು. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಎಳೆಯಬಾರದು, ಉಜ್ಜಬಾರದು. ಬಂಪ್ ಸ್ಟಾಪರ್ ಹಳೇ ಉದ್ದದ್ದೇ ಹಾಕಿದ್ದಾರಾ ನೋಡಿ, ಹಾಗಿದ್ದರೆ ಇದ್ದ ಸ್ವಲ್ಪ ಟ್ರಾವೆಲ್ಲೂ ಅದರ ಪಾಲು. ಹೆಡ್‌ಲೈಟ್ ಮಟ್ಟ ಮತ್ತೆ ಹೊಂದಿಸಿ. ಮುಂದೆ ಎಡಾಸ್ (ಚಾಲಕನಿಗೆ ನೆರವಾಗುವ ವ್ಯವಸ್ಥೆ) ಕ್ಯಾಮೆರಾ ಇರುವ ಹೊಸ ಕಾರಾದರೆ ಕ್ಯಾಲಿಬ್ರೇಷನ್ ಬೇಕಾ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ನಾಬ್ ಪೂರ್ತಿ ಗಟ್ಟಿ ಕಡೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಿ ಅರ್ಧಕ್ಕಿಂತ ಸ್ವಲ್ಪ ಮೆತ್ತಗೆ ಇಡಿ. ಶಾಕ್‌ನ ಶಾಫ್ಟಿಗೆ, ಸೀಲಿನ ಹತ್ತಿರ, ಒಂದು ಝಿಪ್ ಟೈ ಸಡಿಲವಾಗಿ ಕಟ್ಟಿ. ಅಳೆದ ಆ ಕೆಟ್ಟ ಹಂಪ್ ಸೇರಿಸಿ ದಿನದ ದಾರಿಯಲ್ಲಿ ಒಂದು ರೌಂಡ್ ಹೊಡೆದು ಬನ್ನಿ. ಶಾಕ್ ಎಲ್ಲಿವರೆಗೆ ಕುಗ್ಗಿತ್ತೋ ಅಲ್ಲಿಗೆ ಟೈ ತಳ್ಳಿಕೊಂಡು ಹೋಗಿರುತ್ತದೆ. ಬಂಪ್ ಸ್ಟಾಪರ್‌ವರೆಗೂ ಹೋಗಿ ಅಪ್ಪಚ್ಚಿಯಾಗಿದ್ದರೆ ಕ್ಲಿಕ್ ಗಟ್ಟಿ ಮಾಡಿ ಪ್ರಯೋಜನ ಇಲ್ಲ, ಕಾರು ಎತ್ತರಿಸಿ. 15–20 ಮಿ.ಮೀ. ಉಳಿದಿದ್ದರೆ ಸರಿಯಾದ ಜಾಗದಲ್ಲಿದ್ದೀರಿ.

ಅಂದೇ ಒಂದು ಅಲೈನ್‌ಮೆಂಟ್ ಮಾಡಿಸಿ. 300–500 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಲಾಕ್ ನಟ್ ಎಲ್ಲ ಪರೀಕ್ಷಿಸಿ, ಹಬ್‌ನಿಂದ ಫೆಂಡರಿಗೆ ಮತ್ತೆ ಅಳೆದು, ಅಲೈನ್‌ಮೆಂಟ್ ಇನ್ನೊಮ್ಮೆ. ಆ ಪ್ರಿಂಟ್‌ಔಟ್ ಹಿಂದೆ ನಾಲ್ಕೂ ಮೂಲೆಯ ಎತ್ತರ, ರಿಂಗಿನ ಅಳತೆ, ಕ್ಲಿಕ್ ಸಂಖ್ಯೆ ಬರೆದು ಡ್ಯಾಶ್‌ಬೋರ್ಡ್ ಬಾಕ್ಸಿನಲ್ಲಿಡಿ. ಮುಂದಿನ ಸಲ ಬೇರೆ ಮೆಕ್ಯಾನಿಕ್ ಕೈಗೆ ಕಾರು ಕೊಟ್ಟಾಗ ಆ ಹಾಳೆಯನ್ನೂ ಕೊಡಿ.